ಕರೆಗೆ ಬರದವಳ ಡ್ರಮ್ಮು

ಗಡಹಿಂಗ್ಲಜ
೨೩ ನವೆಂಬರ್ ೨೦೨೫, ರವಿವಾರ

............ ಪ್ರೇರಣಾ,

ನಿನ್ನ ಹೆಸರಿನ ಮುಂದೆ ಒಂದು ಶಬ್ದ ಹಿಡಿಯುವಷ್ಟು ಜಾಗ ಖಾಲಿ ಬಿಟ್ಟಿದ್ದೇನೆ. 'ಪ್ರೀತಿಯ' ಎಂದು ಬರೆಯಲು ಕೈ ಬರಲಿಲ್ಲ. ಬೇರೆ ಏನಾದರೂ ಬರೆದರೆ ನೀನು ಮುಂದೆ ಓದುವುದಿಲ್ಲ. ಪತ್ರ ಮುಗಿಯುವಷ್ಟರಲ್ಲಿ ಯಾವ ಶಬ್ದ ಸರಿ ಎಂದು ತಿಳಿದರೆ ತುಂಬುತ್ತೇನೆ.

ಫೋನ್ ಇರುವಾಗ ಕಾಗದ ಯಾಕೆ ಎನ್ನುತ್ತೀ. ಫೋನಿನಲ್ಲಿ ನನ್ನ ಒಂದು ಮಾತಿಗೆ ನಿನ್ನವು ನಾಲ್ಕು. ಕೂಸಿಗೆ ಇವತ್ತು ನೂರು ದಿನ. ಈ ನೂರು ದಿನದಲ್ಲಿ ನಾನು ಒಮ್ಮೆಯೂ ಒಂದೇ ಸಮನೆ ಎರಡು ತಾಸು ನಿದ್ದೆ ಮಾಡಿದವಳಲ್ಲ. ನಡುವೆ ಯಾರಾದರೂ ಬಾಯಿ ಹಾಕಿದರೆ ಎಲ್ಲಿದ್ದೆ ಎನ್ನುವುದೇ ಮರೆಯುತ್ತದೆ. ಅದಕ್ಕೇ ಹಳೆಯ ಬಿಎಸ್ಸಿ ಜರ್ನಲಿನ ಖಾಲಿ ಹಾಳೆ ಹರಿದುಕೊಂಡು ಕೂತಿದ್ದೇನೆ. ತಾನಾಜಿಕಾಕಾ ಸಂಜೆಯ ಎಸ್‌ಟಿ ಬಸ್ಸಿಗೆ ಕೊಲ್ಲಾಪುರಕ್ಕೆ ಬರುತ್ತಿದ್ದಾರೆ, ಅವರ ಕೈಯಲ್ಲಿ ಕೊಡುತ್ತೇನೆ. ಬಾಣಂತಿ ಓದಿದರೆ ಬರೆದರೆ ಕಣ್ಣು ಹೋಗುತ್ತವೆ ಎಂದು ಅವ್ವ ಎರಡು ಸಲ ಬಂದು ಹೇಳಿ ಹೋದಳು. ಮೂರನೆಯ ಸಲ ಬಂದಾಗ ಕಿಟಕಿ ಪೂರ್ತಿ ತೆರೆದು ಬೆಳಕು ಮಾಡಿಕೊಟ್ಟಳು. ಯಾಕೆ ಎನ್ನುವುದು ಮುಂದೆ ಬರುತ್ತದೆ.

ನಿನಗೆ ಗೊತ್ತಿರುವುದನ್ನೂ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ. ನಿದ್ದೆಯಿಲ್ಲದ ತಲೆ ಮೊದಲಿನಿಂದ ಹಿಡಿಯದಿದ್ದರೆ ದಾರಿ ತಪ್ಪುತ್ತದೆ.

ಸೆಪ್ಟೆಂಬರ್ ಇಪ್ಪತ್ತರಂದು ನೀನು ಒಂದು ಮೆಸೇಜು ಕಳಿಸಿದ್ದೆ. ನಾಳೆ ಸಂಜೆ ಮನೆಯಲ್ಲೇ ಇರುತ್ತೀಯಲ್ಲ ಎಂದು. ಬಾಣಂತಿ ಎಲ್ಲಿಗೆ ಹೋಗಲಿ ಮಾರಾಯತಿ ಎಂದು ಉತ್ತರ ಬರೆದೆ. ಫೋನ್ ಮಾಡುತ್ತೀ ಎಂದುಕೊಂಡು ಮರುದಿನ ಅವ್ವನ ಕಣ್ಣು ತಪ್ಪಿಸಿ ಫೋನನ್ನು ದಿಂಬಿನ ಕೆಳಗೇ ಇಟ್ಟುಕೊಂಡು ಮಲಗಿದ್ದೆ. ಫೋನ್ ಬರಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಒಂದೇ ಸಾಲು ಬಂತು: 'ಅರ್ಥ ಆಯ್ತು. ಆರಾಮ ತಗೋ.' ಏನು ಅರ್ಥವಾಯಿತು? ಯಾರಿಗೆ? ಕೇಳಿದೆ. ಓದಿದ ನೀಲಿ ಗುರುತು ಬಂತು, ಉತ್ತರ ಬರಲಿಲ್ಲ. ನನ್ನ ಅನುಮಾನ ಶುರುವಾದದ್ದು ಅಲ್ಲಿಂದ.

ಅಂದಿನಿಂದ ಪ್ರ್ಯಾಕ್ಟೀಸಿನ ಸುದ್ದಿ ಯಾರನ್ನು ಕೇಳಿದರೂ ಅದೇ ಮಾತು: ಆರಾಮ ತಗೋ. ಕಟ್ಟಿಕೊಂಡ ಗಂಡ ಸುಮಿತನೂ ಅದನ್ನೇ ಅಂದ. ನಮ್ಮ ಬ್ಯಾಂಡಿನ ಕೇತನ ಅದರ ಜೊತೆಗೊಂದು ಕೈಮುಗಿದ ಚಿತ್ರ ಕಳಿಸಿದ. ಒಬ್ಬರು ಅಂದರೆ ಕಾಳಜಿ ಎನ್ನಬಹುದು. ಮೂವರೂ ಅದೇ ಎರಡು ಶಬ್ದ ಅಂದರೆ ಮೂವರೂ ಕೂತು ಮಾತಾಡಿಕೊಂಡಿದ್ದಾರೆ ಎಂದೇ ಅರ್ಥ.

ದಸರಾ ಮುಗಿದ ಮೇಲಿನ ರವಿವಾರ ಸುಮಿತ ಇಚಲಕರಂಜಿಯಿಂದ ಕೂಸನ್ನು ನೋಡಲು ಬಂದಿದ್ದ. ಅವನು ಊಟಕ್ಕೆ ಕೂತಾಗ ಅವನ ಫೋನ್ ತೆಗೆದೆ. ಹೌದು, ತೆಗೆದೆ. ಗೋಕುಳ ಶಿರಗಾಂವದ ಶೆಡ್ಡಿನಲ್ಲಿ ನೀವು ಮಾಡಿದ ಪ್ರ್ಯಾಕ್ಟೀಸಿನ ವಿಡಿಯೊ ಅದರಲ್ಲಿತ್ತು. ಕೇತನನ ಅಪ್ಪ ಮುಚ್ಚಿದ ವರ್ಕ್‌ಶಾಪು, ಹಿಂದೆ ನಮ್ಮ ಕೈಯಾರೆ ಬ್ಯಾಂಡಿನ ಹೆಸರು ಬರೆದ ಗೋಡೆ: ಕರಿಕಂಬಳಿ. 'ಕ'ದ ತಲೆಕಟ್ಟಿಗೆ ಕುರಿಯ ಕಿವಿ ಇಟ್ಟದ್ದು ನಾನು. ನಿನ್ನ ಗಿಟಾರು ಎಂದಿನಂತೆ ನೀರಿನೊಳಗಿಂದ ಬಂದ ಹಾಗೆ ತೇಲುತ್ತಿತ್ತು. ಆ ಮೇಲೆ ನೀನು ಬಾಯಿ ತೆರೆದು ಕಿರುಚಿದೆ, ಅದೂ ಎಂದಿನಂತೆ. ಕೊಲ್ಲಾಪುರದವರಿಗೆ ಬೈಗುಳ ತಿಳಿಯಬಾರದು ಎಂದು ಕನ್ನಡದಲ್ಲಿ ಹಾಡು ಕಟ್ಟಿದವಳು ನೀನು. ಬೈಗುಳದಲ್ಲಿ ಒಂದು ಹೊಸದು ಸೇರಿದೆ. ಅದು ಯಾರಿಗೆ ಎಂದು ಎರಡು ದಿನ ಯೋಚಿಸಿದೆ.

ಆದರೆ ನಾನು ಕೇಳಿದ್ದು ಡ್ರಮ್ಮುಗಳನ್ನು. ಮೂರೂ ಇದ್ದವು. ಕೇತನನ ದೊಡ್ಡದು ನೆಲದಲ್ಲಿ ನಡೆಯುತ್ತಿತ್ತು. ಚಿಕೊ, ಅದೇ ಚಿಕ್ಕದು, ಒಂದೇ ಒಂದು ಮಾತನ್ನು ಬಿಡದೆ ಹೇಳುತ್ತಿತ್ತು. ಅಷ್ಟು ನೇರವಾಗಿ ಮನುಷ್ಯರ ಕೈ ಬಾರಿಸುವುದಿಲ್ಲ, ಅದು ಮಶೀನು. ನಡುವೆ ರೆಪಿಕೆ, ನನ್ನದು, ಉಳಿದೆರಡನ್ನು ಕರೆಯುವ, ಕೆಣಕುವ ಡ್ರಮ್ಮು. ಬಾರಿಸುವವಳ ಮುಖ ಚೌಕಟ್ಟಿನ ಹೊರಗಿತ್ತು. ಮಣಿಕಟ್ಟು ಮಾತ್ರ ಕಾಣುತ್ತಿತ್ತು, ಅದರಲ್ಲಿ ಹುಪರಿಯ ಬೆಳ್ಳಿಯ ಕಡಗ. ನಾನಿರುವಾಗ ಚಿಕೊ ಬಾರಿಸುತ್ತಿದ್ದ ಪ್ರಣಾಲಿಯ ಮನೆಯಲ್ಲೇ ಮಾಡಿದ ಕಡಗ. ನನ್ನ ಮದುವೆಯಲ್ಲಿ ಅಂಥದ್ದೇ ಒಂದನ್ನು ನನಗೂ ಕೊಟ್ಟಿದ್ದಳಲ್ಲ.

ಮುಖವನ್ನು ಯಾರು ಕತ್ತರಿಸಿದರು, ಪ್ರೇರಣಾ? ವಿಡಿಯೊ ತೆಗೆದವರೋ, ಸುಮಿತನಿಗೆ ಕಳಿಸಿದವರೋ?

ಡ್ರಮ್ಮಿನ ಪಟ್ಟಿಗೆ ಅವ್ವನ ಇಳಕಲ್ಲ ಖಣದ ತುಂಡು ಕಟ್ಟಿತ್ತು. ಹೊಟ್ಟೆಯಲ್ಲಿ ಒಂದು ಹಲಗೆ ಉಳಿದವುಗಳಿಗಿಂತ ಕಪ್ಪಗಿತ್ತು. ನಮ್ಮ ಡ್ರಮ್ಮುಗಳಿಗೆ ಹಳೆಯ ಮಗ್ಗದ ಕಟ್ಟಿಗೆ ಹಾಕಿಸಿದಾಗ ನನ್ನದಕ್ಕೆ ಬಂದ ಹಲಗೆ ಅದು. ಇಚಲಕರಂಜಿಯ ನಮ್ಮ ಮನೆಯ ಕಪಾಟಿನ ಮೇಲೆ ಇರಬೇಕಾದ ಡ್ರಮ್ಮು ಶಿರಗಾಂವದಲ್ಲಿ ಏನು ಮಾಡುತ್ತಿತ್ತು?

ಸುಮಿತನನ್ನು ಸುಮ್ಮನೆ ಕೇಳುವ ಹಾಗೆ ಕೇಳಿದೆ, ನನ್ನ ಡ್ರಮ್ಮಿಗೆ ಹುಳ ಹತ್ತಿಲ್ಲವಲ್ಲ ಎಂದು. ಅಲ್ಲೇ ಐತಲ್ಲ ಕಪಾಟಿನ ಮ್ಯಾಲ ಎಂದ, ತುತ್ತಿನಿಂದ ತಲೆ ಎತ್ತದೆ. ಮನೆಗೆ ಹೋದ ಮೇಲೆ ಒಂದು ಫೋಟೊ ಕಳಿಸಿ ಎಂದೆ. ಕಳಿಸಿದ. ಬೇರೆ ಹೆಂಡತಿಯಾದರೆ ಡ್ರಮ್ಮು ನೋಡಿ ಸುಮ್ಮನಾಗುತ್ತಿದ್ದಳು. ನಾನು ಹಿಂದಿನ ಗೋಡೆಯ ಕ್ಯಾಲೆಂಡರು ದೊಡ್ಡದು ಮಾಡಿ ನೋಡಿದೆ. ಮಾರ್ಚ್ ತಿಂಗಳು. ಅಂದರೆ ಗಂಡನೂ ಒಳಗಿನವನೇ. ಅವತ್ತೇ ಬ್ಯಾಂಡಿನ ವಾಟ್ಸಾಪ್ ಗುಂಪಿನಿಂದ ಹೊರಬಿದ್ದೆ. ಕೂಸಿಗೆ ಹಾಲು ಕುಡಿಸುತ್ತಾ ಹೆಬ್ಬೆರಳಿನಿಂದ ಒತ್ತಿದ್ದು, ಅಷ್ಟೇ. ಯಾಕೆ ಎಂದು ನಿಮ್ಮಲ್ಲಿ ಒಬ್ಬರೂ ಕೇಳಲಿಲ್ಲ.

ದೀಪಾವಳಿಯ ಮೇಲೆ ಪೋಸ್ಟರು ಬಂತು. ಡಿಸೆಂಬರ್ ಏಳು, ಕೊಲ್ಲಾಪುರ. ಹೆಸರಿಲ್ಲದ ಕಪ್ಪು ನೆರಳುಗಳು ಮೂರು. ನನ್ನದು ಸೇರಿ ನಾಲ್ಕಲ್ಲ.

ನಗಬೇಡ. ಆ ದಿನಗಳಲ್ಲಿ ನಾನು ಕೂಸನ್ನೂ ಅನುಮಾನಿಸುತ್ತಿದ್ದೆ. ನಾನು ಕಣ್ಣು ಮುಚ್ಚುವುದನ್ನೇ ಕಾಯುತ್ತಿರುತ್ತಾಳೆ ಎನಿಸುತ್ತಿತ್ತು. ತೊಟ್ಟಿಲ ಪಟ್ಟಿಯ ಮೇಲೆ ಬೆರಳಿನಿಂದ ಮೂರು ಪೆಟ್ಟು, ತುಸು ತಡೆದು ಎರಡು ಪೆಟ್ಟು, ನಾವು ಡ್ರಮ್ಮಿನ ಕಟ್ಟಿಗೆಯ ಮೇಲೆ ಬಡಿದು ಶುರುಮಾಡುತ್ತಿದ್ದೆವಲ್ಲ, ಹಾಗೆ ಬಡಿದರೆ ಸುಮ್ಮನಾಗುತ್ತಿದ್ದಳು. ನಿಲ್ಲಿಸಿದರೆ ಮತ್ತೆ ಅಳು. ನಾನು ಡ್ರಮ್ಮು ಬಿಟ್ಟಿಲ್ಲ ಎಂಬುದಕ್ಕೆ ಇವಳೊಬ್ಬಳೇ ಸಾಕ್ಷಿ, ಇವಳಿಗೋ ಬಾಯಿಲ್ಲ ಎಂದು ಎಷ್ಟು ಸಲ ಅಂದುಕೊಂಡಿದ್ದೇನೋ.

ಈಗ ನಿನ್ನೆಯ ಮಾತು.

ತಾನಾಜಿಕಾಕಾ ನಿನ್ನೆ ಮಧ್ಯಾಹ್ನ ಹಲಕರ್ಣಿಯ ಕಡೆಯಿಂದ ಬಂದರು. ನಮ್ಮ ಡ್ರಮ್ಮುಗಳಿಗೆ ಚರ್ಮ ಹದಮಾಡಿ ಕೊಡುವವರು ನಮ್ಮ ಮನೆಗೆ ಯಾಕೆ ಬಂದರು ಎಂದು ಮೊದಲು ಅದನ್ನೂ ಅನುಮಾನಿಸಿದೆ. ನೀವೇ ಕಳಿಸಿರಬೇಕು, ನನ್ನ ಬಾಯಿಂದ 'ಬಿಟ್ಟೆ' ಎಂದು ಹೇಳಿಸಲು. ಆದರೆ ಅವರು ತಂದದ್ದು ಮೊಳದಗಲದ ಒಂದು ಕರಿಕಂಬಳಿ. ತಮ್ಮ ಕುರಿಯದೇ ಉಣ್ಣೆ, ಹೆಂಡತಿಯ ಕೈಯ ನೂಲು. ಕೂಸಿನ ಮೇಲೆ ಹೊದಿಸಿ, ಹಣೆಗೆ ಭಂಡಾರದ ಅರಿಶಿನ ಹಚ್ಚಿ, ಜಗುಲಿಯ ಮೇಲೆ ಕೂತರು. ಅವ್ವ ಅಡಿಗೆಮನೆಯಲ್ಲಿ ಅವರಿಗೆ ರೊಟ್ಟಿ ಬಡಿಯುತ್ತಿದ್ದಳು. ಕಾಕಾ ಬಹಳ ಹೊತ್ತು ಮಳೆ, ಕುರಿ, ಕಬ್ಬಿನ ಗಾಡಿ ಎಂದು ಸುತ್ತಿಬಳಸಿ, ಕೊನೆಗೆ ಕೆಳಗೆ ನೋಡುತ್ತಾ ಹೇಳಿದರು:

"ಮಗಳ, ಒಂದ ಮಾತ ಕೇಳತೇನಿ, ಸಿಟ್ಟ ಆಗಬ್ಯಾಡ. ಕರ್ಯಾಕ ಬಂದವರಿಗೆ ಉಡಿ ತುಂಬಿ ಕಳಸೂದು ಯಾವೂರ ರೀತಿವಾ?"

ಯಾರಿಗೆ ಕಾಕಾ ಎಂದೆ.

"ಪ್ರೇರಣಾಗ. ಅಮಾಸಿ ದಿನ. ಮೂರ ಸಲ ಕರದ್ರಂತ, ನೀ ಹೊರಗ ಬರಲಿಲ್ಲಂತ. ನಿಮ್ಮವ್ವ ಕಾಲ ಮುಟ್ಟಿ ಹೋಗ್ರಿ ಅಂದ್ಲಂತ."

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು.

ನನಗೆ ಕೂಡಲೇ ತಿಳಿಯಲಿಲ್ಲ. ಕಾಕಾ ನೀನು ಹೇಳಿದ್ದನ್ನು ನನಗೆ ಒಂದೊಂದಾಗಿ ಹೇಳಿದರು. ಅಂದು, ನಿನ್ನ ಮೆಸೇಜಿನ ಮರುದಿನ, ಬೆಳಿಗ್ಗೆ ನೀವು ಇಚಲಕರಂಜಿಗೆ ಹೋಗಿ ಸುಮಿತನಿಂದ ನನ್ನ ಡ್ರಮ್ಮು ಇಸಿದುಕೊಂಡದ್ದು, ನನ್ನ ಹೆಗಲಿಗೆ ಹಾಕಲಿಕ್ಕೆ. ನಮ್ಮ ಓಣಿಯ ಮೂಲೆಯಲ್ಲಿ ಹಳೆಯ ಪೇಪರು ಸುಟ್ಟು ಚರ್ಮ ಕಾಯಿಸಿದ್ದು. ಕಾಕಾ ಕಲಿಸಿದಂತೆ ನೀನು, ಕೇತನ, ಪ್ರಣಾಲಿ ಮೂವರೂ ಮುಖಕ್ಕೆ ಭಂಡಾರ ಬಳಿದುಕೊಂಡದ್ದು. ಮನೆಯ ಮುಂದೆ ನಿಂತು ಮೂರು ಸಲ ಕರೆದದ್ದು. ಉರುಗ್ವೆಯ ಆ ಬಂದರಿನ ಊರಿನಲ್ಲಿ ಆಫ್ರಿಕಾದಿಂದ ಗುಲಾಮರಾಗಿ ತಂದವರ ಮೊಮ್ಮಕ್ಕಳು ಹೇಗೆ ಓಣಿಯಿಂದ ಓಣಿಗೆ ಡ್ರಮ್ಮಿನಿಂದ ಕರೆಯುತ್ತಾರೆ, ಕರೆ ಕೇಳಿದವರು ಮನೆಯಿಂದ ಹೇಗೆ ಬಾರಿಸುತ್ತಲೇ ಹೊರಬರುತ್ತಾರೆ ಎಂದು ಹಾಸ್ಟೆಲಿನ ಕೋಣೆಯಲ್ಲಿ ನೀನು ಲ್ಯಾಪ್‌ಟಾಪಿನಲ್ಲಿ ತೋರಿಸಿದ ದಿನ ನಾವಿಬ್ಬರೂ ಊಟಕ್ಕೆ ಹೋಗಿರಲಿಲ್ಲ. ಬ್ಯಾನ್ ಮಾಡಿದರೂ ಬಾರಿಸಿದವರು ಅವರು, ಎಂದಿದ್ದೆ ನೀನು. ಆ ಕರೆಯನ್ನು ನನ್ನ ಬಾಗಿಲಿಗೆ ತಂದಿದ್ದೆ. ನಾನು ಬರಲಿಲ್ಲ.

ಆ ಹೊತ್ತಿಗೆ ನಾನು ಎಲ್ಲಿದ್ದೆ ಹೇಳಲಾ? ಬಾಗಿಲಿನಿಂದ ಹದಿನೈದು ಹೆಜ್ಜೆ ಒಳಗೆ. ಬಾಣಂತಿಗೆ ಗಾಳಿ ಹೊಗಬಾರದು ಎಂದು ಎರಡೂ ಕಿವಿಗೆ ಮುಷ್ಟಿ ಅರಳೆ, ಅದರ ಮೇಲೆ ಬಿಗಿಯಾಗಿ ಕಟ್ಟಿದ ಅರಿವೆ, ಅದರ ಮೇಲೆ ಕಂಬಳಿ. ಅಮಾವಾಸ್ಯೆ ಎಂದು ಕಿಟಕಿಗೂ ಗೋಣಿತಾಟು. ಹೊರಸಿನ ಕೆಳಗೆ ಕೆಂಡ, ಅಜವಾನದ ಹೊಗೆ. ಹೊರಗೆ ನೀವು ಡ್ರಮ್ಮು ಕಾಯಿಸುತ್ತಿದ್ದಿರಿ, ಒಳಗೆ ಅವ್ವ ನನ್ನನ್ನು ಕಾಯಿಸುತ್ತಿದ್ದಳು.

ಏನೂ ತಿಳಿಯಲೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಅವತ್ತು ಹೊರಸಿನ ಪಟ್ಟಿ ಕೈಯಡಿಯಲ್ಲಿ ನಡುಗಿತು. ಗೂಡಿನಲ್ಲಿಟ್ಟ ತಂಬಿಗೆಯ ನೀರು ಅಲುಗಾಡಿತು. ಓಣಿಯಲ್ಲಿ ಕಬ್ಬಿನ ಟ್ರ್ಯಾಕ್ಟರು ಹೋಗುತ್ತಿರಬೇಕು, ಇಲ್ಲವೇ ನನ್ನದೇ ನಿತ್ರಾಣ ಎಂದುಕೊಂಡೆ. ಸೆಪ್ಟೆಂಬರಿನಲ್ಲಿ ಎಲ್ಲಿಯ ಕಬ್ಬು? ಅಷ್ಟು ಯೋಚಿಸುವ ತಲೆ ಇರಲಿಲ್ಲ. ಎರಡು ದಿನದಿಂದ ಬಾಯಿ ಮುಚ್ಚದ ಕೂಸು ಮಾತ್ರ ತಟ್ಟನೆ ಅಳು ನಿಲ್ಲಿಸಿ ಬಾಗಿಲ ಕಡೆಗೆ ಕತ್ತು ತಿರುಗಿಸಿತು. ತನ್ನನ್ನು ಕರೆದಿರಿ ಎಂದು ತಿಳಿದಳೋ ಏನೋ.

ಅವ್ವ ಹಿಟ್ಟಿನ ಕೈಯಲ್ಲೇ ಜಗುಲಿಗೆ ಬಂದಳು.

"ಆ ಹಸರ ಕೂದಲದಾಕಿ ಪ್ರೇರಣಾನಾ?" ಎಂದಳು. "ನಾ ಬೀರದೇವರ ಮಂದಿ ಅಂತ ತಿಳದು ಪಾದಾ ಹಿಡದೆನಲ್ಲೋ ಯಪ್ಪಾ."

ಕಾಕಾನಿಗೆ ಮೊದಲು ಅರ್ಥವಾಗಲಿಲ್ಲ. ಆದಮೇಲೆ ನಗಲು ಶುರುಮಾಡಿದರು ನೋಡು, ರುಮಾಲು ಜಾರಿ ಮಡಿಲಿಗೆ ಬಿತ್ತು. ಅವ್ವನ ಪಾಡೇನು ಕೇಳು. ಕಣ್ಣಿನಲ್ಲಿ ಪೊರೆ, ನಿನ್ನನ್ನು ನೋಡಿದ್ದು ನನ್ನ ಮದುವೆಯಲ್ಲಿ ಒಂದೇ ಸಲ, ಆಗ ನಿನಗೆ ಜಡೆ ಇತ್ತು. ಅಮಾವಾಸ್ಯೆಯ ದಿನ, ಬಾಣಂತಿ ಇರುವ ಮನೆ, ಬಾಗಿಲಿಗೆ ಡೋಲು, ಹಳದಿ ಮುಖಗಳು. ನಮ್ಮಲ್ಲಿ ಇದಕ್ಕೆ ಒಂದೇ ಅರ್ಥ: ದೇವರ ಮಂದಿ ಕೂಸನ್ನು ಹರಸಲು ಬಂದಿದ್ದಾರೆ. ಮೊರದಲ್ಲಿ ಜೋಳ, ತೆಂಗಿನಕಾಯಿ, ಒಂದು ಖಣ ಇಟ್ಟು ತಂದಳು. ನಡುವೆ ನಿಂತ ಹೆಣ್ಣುಮಗಳ ಉಡಿ ತುಂಬಿದಳು. ಕಾಲು ಮುಟ್ಟಿದಳು. ದೇವರ ಮಂದಿಯನ್ನು ಬಹಳ ಹೊತ್ತು ನಿಲ್ಲಿಸಬಾರದು ಎಂದು, ಸಾಕ್ರಿ, ನಿಮ್ಮ ಕರುಣಾ ಇರಲಿ, ಹೋಗಿ ಬರ್ರಿ ಎಂದಳು.

ನಿನಗೆ ಏನು ಕೇಳಿಸಿತು ಎನ್ನುವುದು ನನಗೆ ಚೆನ್ನಾಗಿ ತಿಳಿಯುತ್ತದೆ. ಮನೆಯಿಂದ ಹೊರಡುವ ಹೆಣ್ಣಿಗೆ ಉಡಿ ತುಂಬುತ್ತಾರೆ. ತಾಯಿಯಾದವಳು ಕಾಲು ಮುಟ್ಟಿ ಸಾಕು ಎನ್ನುತ್ತಿದ್ದಾಳೆ. ಮಗಳು ಒಳಗೆ ಕೂತು ಇದನ್ನೆಲ್ಲ ಮಾಡಿಸುತ್ತಿದ್ದಾಳೆ. ಮನೆಯಲ್ಲೇ ಇರುತ್ತೇನೆ ಎಂದು ಹಿಂದಿನ ದಿನ ತಾನೇ ಬರೆದವಳು. ನಾನಾದರೂ ಹಾಗೆಯೇ ತಿಳಿಯುತ್ತಿದ್ದೆ.

ಅವ್ವ ತನ್ನ ತಪ್ಪನ್ನು ಒಪ್ಪಿಕೊಂಡಳು ಎಂದುಕೊಳ್ಳಬೇಡ. ಮಾರಿ ತುಂಬ ಭಂಡಾರ ಬಡಕೊಂಡ ನಿಂತ್ರ ಯಾರು ಅಂತ ತಿಳೀಬೇಕು ಎಂದು ನಿನ್ನ ಮೇಲೆಯೇ ತಿರುಗಿದಳು. ನೀನು ಅವಳನ್ನು ತಡೆಯಲು ಕೈ ಚಾಚಿದೆಯಂತೆ, ಅದು ಅವಳ ತಲೆಗೆ ತಗಲಿತಂತೆ. ಆಕಿ ನನ್ನ ತಲಿ ಮ್ಯಾಲ ಕೈ ಇಟ್ಟು ಆಶೀರ್ವಾದ ಯಾಕ ಮಾಡಿದ್ಲು ಹಾಂಗಾರ, ಎಂದು ಕೇಳುತ್ತಾಳೆ. ಇನ್ನೊಂದು ಕಷ್ಟವೂ ಇದೆ. ಅಮಾವಾಸ್ಯೆಗೆ ಬೀರದೇವರ ಮಂದಿ ಬಂದು ಹೋದ ಮೇಲೆ ಕೂಸಿನ ಹಟ ಕಡಿಮೆಯಾಯಿತು ಎಂದು ಅವಳು ಎರಡು ತಿಂಗಳಿಂದ ಓಣಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದಾಳೆ. ಈಗ ಅದನ್ನು ಹಿಂದೆ ತೆಗೆದುಕೊಳ್ಳುವುದು ಹೇಗೆ? ಓಣಿಯ ಮಂದಿಗೆ ಹೇಳಬ್ಯಾಡ ಎಂದು ನನಗೂ ಕಾಕಾನಿಗೂ ಆಣೆ ಹಾಕಿದ್ದಾಳೆ. ಕಾಕಾ, ಹೇಳೂದಿಲ್ಲವಾ, ದೇವರು ಈ ಸಲ ಹಸರ ಕೂದಲಾ ಬಿಟಗೊಂಡು ಬಂದಿದ್ದ ಅಂತ ತಿಳಕೋ, ಎಂದರು. ಅವರಿಗೆ ಎರಡು ರೊಟ್ಟಿ ಹೆಚ್ಚು ಬಿತ್ತು.

ನಿನ್ನೆಯೇ ಸುಮಿತನಿಗೆ ಫೋನ್ ಮಾಡಿದೆ. ಖರೇ ಹೇಳ್ರಿ ಎಂದೆ. ಅಂದು ಸಂಜೆ ಕೇತನ ಫೋನ್ ಮಾಡಿ, ಆಕಿ ಬಿಟ್ಟಾಳ, ಡ್ರಮ್ಮು ನಮ್ಮ ಹತ್ತಿರವೇ ಇರಲಿ ಎಂದನಂತೆ. ನೀನಽ ಬ್ಯಾಡ ಅಂದಿ ಅಂತ ತಿಳದಿದ್ದೆ, ಮ್ಯಾಲ ಹೆಂಗ ಕೇಳಲಿ ಎಂದ. ಹಾಗಿದ್ದರೆ ಮಾರ್ಚಿನ ಹಳೆಯ ಫೋಟೊ ಯಾಕೆ ಎಂದೆ. ಖಾಲಿ ಕಪಾಟು ತೋರಿಸಿದರೆ ನೀನು ಅಳುತ್ತೀ ಎಂದುಕೊಂಡೆ ಎಂದ. ಎರಡು ತಿಂಗಳು ಆ ಮನುಷ್ಯ ನನ್ನನ್ನು ನೋಯಿಸಬಾರದು ಎಂದು ಸುಳ್ಳು ಹೇಳಿದ, ನಾನು ಆ ಸುಳ್ಳನ್ನು ಹಿಡಿದು ಸಂತೋಷಪಟ್ಟೆ.

ಇಷ್ಟಕ್ಕೆ ಎಲ್ಲ ತಿಳಿಯಾಯಿತು ಎನ್ನಬೇಕು. ಅವ್ವ ಹಾಗೆಯೇ ಎನ್ನುತ್ತಾಳೆ. ಆದರೆ ನನ್ನ ಸ್ವಭಾವ ನಿನಗೆ ಗೊತ್ತು. ಕಾಕಾ ಊಟ ಮಾಡಿ ಮಲಗಿದ ಮೇಲೆ ಹೊಸ ಅನುಮಾನ ಎದ್ದು ಕೂತಿತು. ನೀವು ಅಷ್ಟು ಬೇಗ ನಂಬಿದಿರಿ ಯಾಕೆ? ಹತ್ತು ವರ್ಷದ ಗೆಳತಿ ಹೊರಗೆ ಬರಲಿಲ್ಲ ಎಂದರೆ ಒಳಗೆ ಹೋಗಿ ನೋಡುವುದಿಲ್ಲವೇ? ಬಾಗಿಲು ದಾಟಿ ಹದಿನೈದೇ ಹೆಜ್ಜೆ. ಒಬ್ಬರೂ ಬರಲಿಲ್ಲ. ಕೈಗೆ ಬಂದ ನೆಪವನ್ನು ಯಾರೂ ಬಿಚ್ಚಿ ನೋಡುವುದಿಲ್ಲ. ಬಾಣಂತಿ ಬೇಡವಾಗಿದ್ದಳು, ಪ್ರಣಾಲಿ ಕೈಗೆ ಸಿಕ್ಕಿದ್ದಳು. ಹೀಗೆ ಬರೆದು, ಇದೇ ಹಾಳೆಯಲ್ಲಿ ಹೊಡೆದುಹಾಕಬೇಕು ಎನಿಸಿತು. ಹೊಡೆದುಹಾಕುವುದಿಲ್ಲ. ಅನಿಸಿದ್ದು ಹೌದು.

ಆದರೆ ನೀನು ನಿಯಮದಂತೆ ನಡೆದೆ, ಅದನ್ನೂ ಹೇಳಬೇಕು. ಬಾಗಿಲಿಗೆ ಬಂದು ಮೂರು ಸಲ ಕರೆದರೂ ಬರದವರ ಡ್ರಮ್ಮು ಮುಂದಿನವರಿಗೆ. ಶೆಡ್ಡಿನ ಗೋಡೆಯ ಮೇಲೆ ಆ ಸಾಲು ಇರುವುದು ನನ್ನ ಅಕ್ಷರದಲ್ಲಿ. ಆ ನಿಯಮದಿಂದ ಮೊದಲು ಬ್ಯಾಂಡಿನಿಂದ ಹೋದವನು ಆಗ ರೆಪಿಕೆ ಬಾರಿಸುತ್ತಿದ್ದ ಸಮ್ಮೇದ. ಮೂರು ವರ್ಷದ ಹಿಂದೆ ಇಚಲಕರಂಜಿಯಲ್ಲಿ ಅವನ ಮನೆಯ ಮುಂದೆ ನಿಂತು ಕರೆದೆವು, ಅವನು ಬರಲಿಲ್ಲ, ರೆಪಿಕೆ ನನ್ನ ಹೆಗಲಿಗೆ ಬಂತು. ಅಲ್ಲಿಯವರೆಗೆ ನಾನು ಚಿಕೊ ಬಾರಿಸುತ್ತಿದ್ದವಳು. ಅವನಿಗೊಂದು, ನನಗೊಂದು ನಿಯಮ ಮಾಡು ಎಂದು ಯಾವ ಬಾಯಿಂದ ಕೇಳಲಿ?

ಆದ್ದರಿಂದ ನಿಯಮದಂತೆಯೇ ಕೇಳುತ್ತೇನೆ. ಕರೆ ಮುಟ್ಟಲಿಲ್ಲ ಎಂದರೆ ಕರೆದ ಹಾಗಾಗಲಿಲ್ಲ. ಏಳನೆಯ ತಾರೀಖಿನೊಳಗೆ ಇನ್ನೊಮ್ಮೆ ಬಾ. ಹೇಳಿ ಬರಬೇಡ. ಅರಳೆ ನಿನ್ನೆಯೇ ತೆಗೆದು ಬಚ್ಚಲ ಒಲೆಗೆ ಹಾಕಿದೆ. ಅವ್ವ ನೋಡಿ, ಕಡ್ಡಿಯಿಂದ ಅದನ್ನು ಇನ್ನಷ್ಟು ಒಳಗೆ ತಳ್ಳಿದಳು. ಈ ಸಲ ಮೊರ ತುಂಬುವುದಿಲ್ಲವಂತೆ, ಚಹಾ ಇಡುತ್ತಾಳಂತೆ. ಭಂಡಾರ ಮಾತ್ರ ಸ್ವಲ್ಪ ಕಡಿಮೆ ಹಚ್ಚಿಕೋ.

ಮತ್ತೆ ಪ್ರಣಾಲಿಗೆ ಹೇಳು, ಆ ವಿಡಿಯೊದಲ್ಲಿ ಎರಡನೆಯ ತಿರುವಿನಲ್ಲಿ ಅವಳ ಎಡಗೈ ಒಂದು ಕೂದಲೆಳೆ ಮುಂದೆ ಓಡುತ್ತದೆ. ಉಳಿದದ್ದು ಚೆನ್ನಾಗಿದೆ. ನಲವತ್ತು ಸಲ ಕೇಳಿದ್ದೇನೆ, ಬೇರೆ ತಪ್ಪು ಸಿಗಲಿಲ್ಲ.

ಕಾಕಾ ರುಮಾಲು ಸುತ್ತಿಕೊಳ್ಳುತ್ತಿದ್ದಾರೆ. ಕೂಸು ಎದ್ದಳು.

ಬಾಗಿಲ ಒಳಗೇ ಇರುವ
ರುತುಜಾ

ತಾ.ಕ.: ಲಕೋಟೆಗೆ ಅಂಟು ಹಚ್ಚಿ, ಒಣಗುವ ಮೊದಲೇ ಮತ್ತೆ ತೆರೆದೆ. ಎಸ್‌ಟಿ ತಪ್ಪಿದರೆ ಮುಂದಿನದಕ್ಕೆ ಹೋಗುತ್ತೇನೆ, ಬರೀ, ಎಂದು ಕಾಕಾ ಕೂಸನ್ನೆತ್ತಿಕೊಂಡು ಅಂಗಳದಲ್ಲಿ ತಿರುಗುತ್ತಿದ್ದಾರೆ.

ನೀವು ಒಳಗೆ ಬಂದು ಯಾಕೆ ನೋಡಲಿಲ್ಲ ಎಂದು ಮೇಲೆ ಕೇಳಿದೆನಲ್ಲ. ಸಮ್ಮೇದನ ಮನೆಯಲ್ಲಿ ಒಬ್ಬಳು ಒಳಗೆ ಹೋಗಿ ನೋಡಿದ್ದಳು. ನಾನು. ಮೂರನೆಯ ಕರೆಯ ನಂತರ, ಒಳಗೆ ಹೋಗಿ ನೋಡಿ ಬಾ ಎಂದು ನೀನೇ ನನ್ನನ್ನು ಕಳಿಸಿದ್ದೆ. ಹಿಂದಿನ ಶೆಡ್ಡಿನಲ್ಲಿ ನಾಲ್ಕು ಮಗ್ಗ ನಡೆದಿದ್ದವು. ಬಾಗಿಲು ದಾಟಿದ ಮೇಲೆ ನಿಮ್ಮ ಡ್ರಮ್ಮು ನನಗೇ ಕೇಳಿಸಲಿಲ್ಲ. ಅವನು ನನಗೆ ಬೆನ್ನು ಮಾಡಿ ಬಗ್ಗಿ ಹರಿದ ಎಳೆ ಗಂಟು ಹಾಕುತ್ತಿದ್ದ. ಅಂಗಿಯ ಮೇಲೆಲ್ಲ ಹತ್ತಿಯ ಧೂಳು. ಕೈ ಚಾಚಿದ್ದರೆ ಹೆಗಲು ಸಿಗುತ್ತಿತ್ತು. ಆ ಹೊತ್ತಿಗೆ ಮಗ್ಗ ನಡೆದಿರುತ್ತವೆ ಎಂದು ನನಗೆ ಮೊದಲು ಗೊತ್ತಿರಲಿಲ್ಲ, ಇದೊಂದನ್ನು ನಂಬು. ಅಲ್ಲಿ ನಿಂತಾಗ ಗೊತ್ತಾಯಿತು. ಅವನು ಮೂರು ಗಂಟು ಹಾಕುವವರೆಗೆ ನಿಂತಿದ್ದೆ. ಆಮೇಲೆ ಹೊರಗೆ ಬಂದು ನಿನಗೆ ಹೇಳಿದೆ: ಕೇಳಿಸೇತಿ, ಬರೂದಿಲ್ಲ ಅಂದಾನ. ನೀನು ಅವತ್ತು ಅತ್ತೆ. ಮರುವಾರ ಅವನು ಪ್ರ್ಯಾಕ್ಟೀಸು ಯಾವಾಗ ಎಂದು ಗುಂಪಿನಲ್ಲಿ ಕೇಳಿದ್ದನ್ನು ನೀನು ನೋಡುವ ಮೊದಲೇ ನಾನು ಅಳಿಸಿ ಅವನನ್ನು ತೆಗೆದುಹಾಕಿದೆ.

ಚಿಕೊ ಪ್ರತಿ ಸಲ ಮೊದಲ ಪೆಟ್ಟು ಬಿಟ್ಟುಕೊಡುತ್ತದೆ, ಆ ಜಾಗದಲ್ಲಿ ಬೇರೆಯವರು ನಿಲ್ಲಲಿ ಎಂದು. ಹಾಗೆ ಬಿಟ್ಟುಕೊಡುವುದು ನನಗೆ ಸಾಕುಸಾಕಾಗಿತ್ತು. ಅಷ್ಟೇ ಕಾರಣ.

ಮೊದಲು ಅವನ ಬಾಗಿಲಿಗೆ ಹೋಗು. ವಾರದ ರಜೆ ನೋಡಿಕೊಂಡು, ಮಗ್ಗ ನಿಂತ ದಿನ ಹೋಗು. ಅವನು ಹೊರಗೆ ಬಂದರೆ ನಡುವಿನ ಡ್ರಮ್ಮು ಅವನದು. ಆ ಮೇಲೂ ಗಡಹಿಂಗ್ಲಜಕ್ಕೆ ಬರುವ ಮನಸ್ಸು ಉಳಿದಿದ್ದರೆ ಚಿಕೊ ತಾ, ಮಶೀನು ಬಂದ್ ಮಾಡು.

ಮೇಲೆ ನಿನ್ನ ಹೆಸರಿನ ಮುಂದಿನ ಜಾಗ ಖಾಲಿಯೇ ಇದೆ. ನಾನು ತುಂಬುವ ಹಾಗಿಲ್ಲ.